ವೆಂಗ್ ಚಿಕ್ಕಮ್ಮ ಬೇಡವೆಂದ ಗಂಜಿ

ವೆಂಗ್ ಷ್ಯುಚಿನ್ ಹೋದ ತಿಂಗಳು ಹದಿನಾರನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಫುಜೌ ನಗರದ ಒಂದು ಆಸ್ಪತ್ರೆಯ ಏಳನೆಯ ಮಹಡಿಯಲ್ಲಿ ತೀರಿಕೊಂಡಳು. ಊರಿನ ಲೆಕ್ಕದಲ್ಲಿ ಅವಳಿಗೆ ಎಪ್ಪತ್ತು ವರ್ಷ. ಕಾಯಿಲೆ ಶ್ವಾಸಕೋಶದ್ದು. ಗಂಡ, ಮಕ್ಕಳು, ಒಡಹುಟ್ಟಿದವರು ಯಾರೂ ಇರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಹತ್ತಿರದವರ ಹೆಸರು ಬರೆಯುವ ಕಡೆ ರುವಾನ್ ಪೇಯಿ ತನ್ನ ಹೆಸರು ಬರೆದಳು. ಸಂಬಂಧ ಏನೆಂದು ಕೇಳಿದ್ದ ಜಾಗದಲ್ಲಿ ಪೆನ್ನು ಊರಿಕೊಂಡು ಸ್ವಲ್ಪ ಹೊತ್ತು ನಿಂತಳು. ಕೊನೆಗೆ ‘ಗೆಳತಿ’ ಎಂದು ಬರೆದಳು. ಅಲ್ಲಿ ಕೂತಿದ್ದ ಗುಮಾಸ್ತೆ ಹುಡುಗಿ ಅದನ್ನು ಓದಿ, ಏನೂ ಕೇಳದೆ ಮುದ್ರೆ ಒತ್ತಿದಳು. ಆ ಹುಡುಗಿಗೆ ಒಳ್ಳೆಯದಾಗಲಿ.

ಹೋದವರನ್ನು ಇದ್ದುದಕ್ಕಿಂತ ದೊಡ್ಡವರನ್ನಾಗಿ ಮಾಡಿ ಹೇಳುವುದು ಸುಲಭ. ಷ್ಯುಚಿನ್ ದೊಡ್ಡವಳೇನೂ ಅಲ್ಲ. ಹದಿನೆಂಟನೆಯ ವಯಸ್ಸಿಗೆ ಛತ್ರಿ ಕಾರ್ಖಾನೆ ಸೇರಿ, ಬಿದಿರು ಕಡ್ಡಿಗಳಿಗೆ ಎಣ್ಣೆ ಕಾಗದ ಅಂಟಿಸುತ್ತ ಕೂತಳು. ಪಾರ್ಶ್ವವಾಯು ಬಡಿದ ಅಪ್ಪನನ್ನು ಹದಿನಾಲ್ಕು ವರ್ಷ ನೋಡಿಕೊಂಡಳು. ಅಪ್ಪ ಹೋಗುವಷ್ಟರಲ್ಲಿ ಮದುವೆಯ ಮಾತು ಆಡುವವರು ಯಾರೂ ಉಳಿದಿರಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಕೃಷಿ ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲಿನ ಬಾಗಿಲು ಕಾಯುವ ಕೆಲಸ ಸಿಕ್ಕಿತು. ಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಮಂಚ, ಒಂದು ಬಿಸಿನೀರಿನ ಕೆಟಲು, ಗೋಡೆಯ ತುಂಬ ಬೀಗದ ಕೈಗಳು. ಇಪ್ಪತ್ತು ವರ್ಷ ಅಲ್ಲಿಯೇ ಕಳೆದಳು.

ಎಲ್ಲ ಹುಡುಗಿಯರೂ ಅವಳನ್ನು ಕರೆಯುತ್ತಿದ್ದುದು ಚಿಕ್ಕಮ್ಮ ಎಂದೇ. ಜ್ವರ ಬಂದವಳ ಕೋಣೆಗೆ ಶುಂಠಿ ನೀರು ಹೊತ್ತು ಹೋಗುವವಳು, ಪರೀಕ್ಷೆಯ ಬೆಳಿಗ್ಗೆ ಬಾಗಿಲು ತಟ್ಟಿ ಎಬ್ಬಿಸುವವಳು ಅವಳು. ಒಣಹಾಕಿದ ಬಟ್ಟೆ ಮಳೆಗೆ ಸಿಗುವ ಮೊದಲೇ ತೆಗೆದು ಮಡಚಿಟ್ಟು, ಆಮೇಲೆ ಬೈಯುವವಳೂ ಅವಳೇ. ಕೊಡುವ ಕೈಗೆ ಬಿಡುವೇ ಇರಲಿಲ್ಲ. ಆದರೆ ಯಾರಿಂದಲೂ ಒಂದು ಕಡ್ಡಿ ಇಸಿದುಕೊಂಡವಳಲ್ಲ. ಮಂಡಿ ಹಿಡಿದುಕೊಂಡು ಕುಂಟುತ್ತಿದ್ದರೂ, "ಚೀಲ ಕೊಡಿ ಚಿಕ್ಕಮ್ಮ, ನಾನು ತರ್ತೀನಿ" ಎಂದರೆ, "ನಂಗೇನು ಕೈ ಮುರಿದಿದ್ಯಾ?" ಎಂದು ಮುಂದೆ ಹೋಗಿಬಿಡುತ್ತಿದ್ದಳು.

ಆ ಮಂಡಿಯ ಕತೆ ಇಲ್ಲಿ ಹೇಳಬೇಕು.

ವರ್ಷದ ಮೊದಲ ತಿಂಗಳ ಇಪ್ಪತ್ತೊಂಬತ್ತನೆಯ ದಿನ ಫುಜೌದಲ್ಲಿ ಒಂಬತ್ತರ ಗಂಜಿಯ ಹಬ್ಬ. ಅಂಟಕ್ಕಿ, ಕರಿಬೆಲ್ಲ, ಶೇಂಗಾ, ಎಳ್ಳು, ಒಣ ಬೋರೆಹಣ್ಣು ಹಾಕಿ ಕಪ್ಪಗೆ, ಸಿಹಿಯಾಗಿ ಬೇಯಿಸಿದ ಗಂಜಿ. ಮದುವೆಯಾದ ಹೆಣ್ಣುಮಕ್ಕಳು ಬೆಳಿಗ್ಗೆಯೇ ಅದನ್ನು ಪಾತ್ರೆಯಲ್ಲಿ ತುಂಬಿಕೊಂಡು, ಮೇಲೊಂದು ಹಂದಿ ಕಾಲು ಇಟ್ಟು, ತವರಿಗೆ ಹೊರಡುತ್ತಾರೆ. ವಯಸ್ಸಿನಲ್ಲಿ ಒಂಬತ್ತು ಇರುವವರು ಅವತ್ತು ಗಂಜಿ ತಿನ್ನಲೇಬೇಕು. ಹತ್ತೊಂಬತ್ತು, ಇಪ್ಪತ್ತೊಂಬತ್ತು ಕಾಣುವ ಒಂಬತ್ತು. ಹದಿನೆಂಟು, ಇಪ್ಪತ್ತೇಳು, ಒಂಬತ್ತರ ಮಗ್ಗಿಯಲ್ಲಿ ಬರುವಂಥವು, ಅಡಗಿದ ಒಂಬತ್ತು. ಅಡಗಿರುವುದಕ್ಕೇ ಹೆಚ್ಚು ಹೆದರಬೇಕು ಎನ್ನುತ್ತಾರೆ. ತಿಂದರೆ ಆ ವರ್ಷದ ಕೇಡು ದಾಟಿದ ಹಾಗೆ.

ಷ್ಯುಚಿನ್ ಇದನ್ನೆಲ್ಲ ಮೊದಲು ಲೆಕ್ಕಕ್ಕೆ ತೆಗೆದುಕೊಂಡವಳಲ್ಲ. ಐವತ್ತನಾಲ್ಕು ತುಂಬಿದ ವರ್ಷ ಯಾರೂ ಗಂಜಿ ಕೊಡಲಿಲ್ಲ, ಅವಳೂ ತಿನ್ನಲಿಲ್ಲ. ಮೂರು ತಿಂಗಳು ಕಳೆಯುವಷ್ಟರಲ್ಲಿ ಹಾಸ್ಟೆಲಿನ ಒದ್ದೆ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಮಂಡಿಚಿಪ್ಪು ಒಡೆದುಕೊಂಡಳು. ಮಲಗಿದ್ದಲ್ಲಿಯೇ ರುವಾನ್ ಪೇಯಿಗೆ ಹೇಳಿದ್ದು ಒಂದೇ ಮಾತು: "ಒಂಬತ್ತಾರ್ಲಿ ಐವತ್ನಾಲ್ಕು, ಪೇಯಿ. ನಾನು ನಗ್ತಿದ್ದೆ."

ರುವಾನ್ ಪೇಯಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದ್ದವಳು. ಹಾಸ್ಟೆಲಿನ ಎದುರಿಗೇ ಅವಳ ಮನೆ. ಮರುವರ್ಷದಿಂದ, ವಯಸ್ಸಿನಲ್ಲಿ ಒಂಬತ್ತು ಇರಲಿ ಬಿಡಲಿ, ಷ್ಯುಚಿನ್ ಹಬ್ಬದ ದಿನ ಬೆಳಗಾಗುವ ಮುಂಚೆ ಅವಳ ಅಡುಗೆಮನೆಗೆ ಬಂದು ತನ್ನ ಗಂಜಿಯನ್ನು ತಾನೇ ಬೇಯಿಸತೊಡಗಿದಳು. ಆದರೆ ತಾನೇ ಬೇಯಿಸಿ ತಾನೇ ತಿಂದರೆ ಅದು ಬರೀ ಗಂಜಿ. ಇನ್ನೊಬ್ಬರ ಕೈಯಿಂದ, ಬಾಗಿಲು ದಾಟಿ ಒಳಗೆ ಬಂದರೇ ಅದಕ್ಕೆ ಅರ್ಥ. ಹಾಗಾಗಿ ಅವಳು ಓಡಿಹೋಗಿ ತನ್ನ ಕೋಣೆಯಲ್ಲಿ ಏನೂ ಗೊತ್ತಿಲ್ಲದವಳ ಹಾಗೆ ಕೂರುವುದು, ಹಿಂದೆಯೇ ರುವಾನ್ ಪಾತ್ರೆ ಹಿಡಿದು ಬರುವುದು. ಮೊದಲ ಸಲ ನೆಲ ಒರೆಸುವ ಜುವೊ ಮೇಯಿಂಗ್ ಅಲ್ಲಿಯೇ ನಿಂತು, "ಇದ್ಯಾರು ಕಳ್ಸಿದ್ದು?" ಎಂದು ಕೇಳಿಬಿಟ್ಟಳು. ರುವಾನ್‌ಗೆ ಏನು ತೋಚಿತೋ, "ಷ್ಯುಚಿನ್ ಅಣ್ಣನ ಮಗಳು" ಎಂದಳು. ಷ್ಯುಚಿನ್ ಅಲ್ಲವೆನ್ನಲಿಲ್ಲ.

ಅಣ್ಣ ಎನ್ನುವವನು ಮೂರನೆಯ ವಯಸ್ಸಿನಲ್ಲೇ ತೀರಿಹೋಗಿದ್ದ. ಅವನ ಮಗಳು ಮಾತ್ರ ಎಂಟು ವರ್ಷ ಬೆಳೆದಳು. ಅವಳಿಗೆ ಮದುವೆಯಾಯಿತು, ಗಂಡುಮಗುವಾಯಿತು, ಬ್ಯಾಂಕಿನಲ್ಲಿ ಬಡ್ತಿ ಸಿಕ್ಕಿ ಪುತಿಯನ್‌ಗೆ ವರ್ಗವಾಯಿತು. ಒಮ್ಮೆ ಜುವೊ ಅವಳ ಹೆಸರು ಕೇಳಿದಾಗ ಇಬ್ಬರೂ ಒಟ್ಟಿಗೇ ಬಾಯಿ ತೆರೆದು ಎರಡು ಬೇರೆ ಹೆಸರು ಹೇಳಿದರು. "ಒಂದು ಮನೇಲಿ ಕರೆಯೋದು" ಎಂದು ರುವಾನ್ ಸಾವರಿಸಿದಳು.

ಷ್ಯುಚಿನ್‌ಗೆ ಅರವತ್ತಮೂರಾದ ವರ್ಷದಲ್ಲಿ ಈ ಏರ್ಪಾಡು ಕೆಟ್ಟಿತು.

ಆ ವರ್ಷ ಹೊಸ ವರ್ಷದ ರಜೆಗೆ ಹಾಸ್ಟೆಲು ಖಾಲಿಯಾಗಿತ್ತು. ಐದನೆಯ ಮಹಡಿಯಲ್ಲಿ ಉಳಿದಿದ್ದವಳು ಡೆಲ್ಮಾ ಒಬ್ಬಳೇ. ಪಪುವಾ ನ್ಯೂಗಿನಿಯ ಗೊರೊಕಾ ಬೆಟ್ಟದ ಕಡೆಯವಳು. ಹುಲ್ಲಿನ ಮೇಲೆ ಅಣಬೆ ಬೆಳೆಸುವುದನ್ನು ಓದಲು ಬಂದಿದ್ದಳು. ಗಟ್ಟಿ ಮೈಕಟ್ಟು, ಅದಕ್ಕಿಂತ ಗಟ್ಟಿ ನಗು. ಊರಿಗೆ ಹೋಗಿ ಬರುವುದು ದೂರದ ಮಾತು, ಹಾಗಾಗಿ ಷ್ಯುಚಿನ್ ಕೋಣೆಯಲ್ಲಿಯೇ ಮೀನಿನ ಉಂಡೆ ತಿನ್ನುತ್ತ ರಜೆ ಕಳೆಯುತ್ತಿದ್ದಳು. ಒಂದು ದಿನ ಷ್ಯುಚಿನ್ ದಾಖಲೆ ಪುಸ್ತಕ ಹೊಸದಾಗಿ ಬರೆಯುತ್ತಿದ್ದಳು.

"ಹುಟ್ಟಿದ್ದು ಯಾವಾಗ?"

"ತೊಂಬತ್ತೆರಡು, ಆಗಸ್ಟು."

"ಕೋತಿ ವರ್ಷ! ನಂದೂ ಕೋತಿನೇ ಕಣೇ, ಹನ್ನೆರಡು ವರ್ಷದ ಮೂರು ಸುತ್ತು ಹಿಂದಿನದು. ಹಾಗಾದ್ರೆ ನಿಂಗೆ ಇಪ್ಪತ್ತೇಳು."

"ಇಲ್ಲ ಚಿಕ್ಕಮ್ಮ, ಇಪ್ಪತ್ತೈದು."

"ಹೊಟ್ಟೇಲಿದ್ದಿದ್ದನ್ನ ಬಿಟ್ಟುಬಿಡ್ತೀಯಾ? ಅದೊಂದು ವರ್ಷ. ಮೊನ್ನೆ ಹೊಸ ವರ್ಷ ಬಂತಲ್ಲ, ಅದೊಂದು. ಇಪ್ಪತ್ತೇಳು."

"ನಮ್ಮಮ್ಮ ಕೇಳಿದ್ರೆ ಎದೆ ಬಡ್ಕೋತಾಳೆ. ಇಪ್ಪತ್ತೈದಾದ್ರೂ ಮದುವೆ ಇಲ್ಲ ಅಂತ ಈಗ್ಲೇ ಗೋಳು."

"ಬಡ್ಕೊಳ್ಲಿ ಬಿಡು. ನಾನು ಹೇಳೋದು ಕೇಳು. ಒಂಬತ್ತು ಮೂರ್ಲಿ ಇಪ್ಪತ್ತೇಳು. ಅಡಗಿದ ಒಂಬತ್ತು. ಈ ವರ್ಷ ನೀನು ಗಂಜಿ ತಿನ್ಬೇಕು. ನಾನು ಮಾಡ್ಕೊಡ್ತೀನಿ."

ಡೆಲ್ಮಾ ಬೆರಳು ಮಡಚಿ ಏನೋ ಎಣಿಸಿದಳು. "ನಿಮಗೆ ಅರವತ್ಮೂರು. ಅದೂ ಒಂಬತ್ತರದ್ದೇ ಅಲ್ವಾ? ನಿಮಗೆ ಯಾರು ಮಾಡ್ತಾರೆ?"

"ನಂಗೇನು, ಅಣ್ಣನ ಮಗಳಿದಾಳೆ. ಕಳಿಸ್ತಾಳೆ."

ಡೆಲ್ಮಾ ಬೆಳಿಗ್ಗೆ ಐದಕ್ಕೇ ಎದ್ದು ಓಡಲು ಹೋಗುವವಳು. ಹಿಂದಿನ ವರ್ಷದ ಹಬ್ಬದ ದಿನ ಷ್ಯುಚಿನ್ ಅಕ್ಕಿಯ ಗಂಟು ಹಿಡಿದು ಎದುರುಮನೆಗೆ ಹೋದದ್ದನ್ನೂ ಅವಳು ನೋಡಿದ್ದಳು, ಅದೇ ಗಂಜಿ ರುವಾನ್ ಕೈಯಲ್ಲಿ ವಾಪಸು ಬಂದಾಗ ಚಿಕ್ಕಮ್ಮ ಕೆನ್ನೆಯ ಮೇಲೆ ಕೈಯಿಟ್ಟು ಆಶ್ಚರ್ಯಪಟ್ಟದ್ದನ್ನೂ ನೋಡಿದ್ದಳು. ಈಗ ಇನ್ನೊಂದು ಮೀನಿನ ಉಂಡೆ ತೆಗೆದುಕೊಂಡಳು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಶಿಯಾಮೆನ್‌ನಲ್ಲಿ ರುವಾನ್‌ಳ ಸೊಸೆಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಬಾಣಂತನಕ್ಕೆ ಅತ್ತೆ ಹೋಗಲೇಬೇಕು. ರುವಾನ್ ಮನೆಯ ಬೀಗದ ಕೈ ಕೊಡಲು ಬಂದವಳು ಬಾಗಿಲಲ್ಲೇ ನಿಂತಳು.

"ಷ್ಯುಚಿನ್, ಇಪ್ಪತ್ತೊಂಬತ್ತಕ್ಕೆ ಏನು ಮಾಡ್ತೀಯ? ಜುವೊಗೆ ಹೇಳ್ಲಾ?"

"ಅವಳಿಗೆ ಹೇಳಿದ್ರೆ ಮಧ್ಯಾಹ್ನಕ್ಕೆ ಮಿನ್ ನದಿ ಆಚೆ ದಡದೋರಿಗೂ ಗೊತ್ತಾಗುತ್ತೆ. ನೀನು ಹೋಗು. ಸೊಸೆಗೆ ಕೋಳಿ ಸಾರು ಮಾಡು. ಒಂದು ವರ್ಷ ತಿನ್ನದಿದ್ರೆ ಸತ್ತೇನು ಹೋಗಲ್ಲ."

ಹಾಗೆಂದಳು ನಿಜ. ಆದರೆ ಅವತ್ತಿನಿಂದ ಮೆಟ್ಟಿಲು ಇಳಿಯುವಾಗಲೆಲ್ಲ ಕಂಬಿ ಬಿಗಿಯಾಗಿ ಹಿಡಿದುಕೊಳ್ಳತೊಡಗಿದಳು. ಒಂಬತ್ತು ಆರಕ್ಕೆ ಮಂಡಿ ಹೋಗಿತ್ತು. ಒಂಬತ್ತು ಏಳಕ್ಕೆ ಏನು ಹೋಗುತ್ತದೆಯೋ. ಈ ಮಾತು ಅವಳು ಮುಂದೆ ಎಷ್ಟೋ ವರ್ಷದ ಮೇಲೆ ಹೇಳಿದ್ದು. ಆಗ ಹೇಳಿದ್ದರೆ ರುವಾನ್ ಬಸ್ಸು ಹತ್ತುತ್ತಿರಲಿಲ್ಲ.

ಹಬ್ಬದ ಬೆಳಿಗ್ಗೆ ಷ್ಯುಚಿನ್ ರುವಾನ್ ಮನೆಯಲ್ಲಿ ಒಂದು ಸಣ್ಣ ಪಾತ್ರೆ ಗಂಜಿ ಮಾಡಿದಳು. ತನಗಲ್ಲ, ಡೆಲ್ಮಾಗೆ. ಏಳಕ್ಕೆ ಓಟ ಮುಗಿಸಿ ಬಂದ ಡೆಲ್ಮಾ ಬಾಗಿಲಲ್ಲಿಯೇ ಅದನ್ನು ಎರಡೂ ಕೈಯಿಂದ ತೆಗೆದುಕೊಂಡಳು. ಬೇಡವೆನ್ನಲಿಲ್ಲ, ಯಾಕೆ ಎನ್ನಲಿಲ್ಲ. ಮೆಟ್ಟಿಲ ಮೇಲೆ ಕೂತು, ಬೆವರು ಒರೆಸಿಕೊಳ್ಳುತ್ತ, ತಳದ ಎಳ್ಳನ್ನು ಬೆರಳಲ್ಲಿ ಬಳಿದು ತಿಂದಳು. "ತುಂಬ ಚೆನ್ನಾಗಿದೆ. ಇನ್ನೂ ಇದ್ಯಾ?" ಎಂದಳು. ಷ್ಯುಚಿನ್‌ಗೆ ನಗು ಬಂತು. ಎಷ್ಟು ಸಲೀಸಾಗಿ ತೆಗೆದುಕೊಳ್ಳುತ್ತಾಳಲ್ಲ ಇವಳು, ಎಂದು ಒಂದು ಬಗೆಯ ಹೊಟ್ಟೆಕಿಚ್ಚೂ ಬಂತು.

ಎಂಟಕ್ಕೆ ಜುವೊಳ ಮಗಳು ಸ್ಕೂಟರಿನಲ್ಲಿ ಬಂದಳು. ಗಂಜಿಯ ಜೊತೆ ಹಂದಿ ಕಾಲು ಒಂದಲ್ಲ, ಎರಡು. ಜುವೊ ಪಾತ್ರೆಯ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಎಲ್ಲರಿಗೂ ಆವಿ ತೋರಿಸಿದಳು.

"ವೆಂಗಕ್ಕಾ, ಒಂದು ಬಟ್ಟಲು ತಗೊಳ್ಳಿ."

"ಬೇಡಮ್ಮ."

"ತಗೊಳ್ಳಿ ಅಂದ್ರೆ, ಸ್ವಲ್ಪ."

"ಬೇಡ ಬೇಡ, ನಂದು ಬರುತ್ತೆ."

ಜುವೊ ಮೂರನೆಯ ಸಲ ಕೇಳುವುದಕ್ಕೆ ಬಾಯಿ ತೆರೆದವಳು ಮುಚ್ಚಿಕೊಂಡಳು. "ಹೌದಲ್ಲ, ನಿಮ್ಮ ಅಣ್ಣನ ಮಗಳು! ಪುತಿಯನ್‌ನಿಂದ ಬರ್ಬೇಕು. ರಸ್ತೇಲಿ ತಣ್ಣಗಾಗದಿದ್ರೆ ಸಾಕು."

ಹತ್ತು ಗಂಟೆಯಾಯಿತು. ಹನ್ನೊಂದಾಯಿತು. ಷ್ಯುಚಿನ್ ಬೀಗದ ಕೈಗಳನ್ನು ಗೋಡೆಯಿಂದ ತೆಗೆದು ಒರೆಸಿ ಮತ್ತೆ ನೇತುಹಾಕಿದಳು. ಆಗ ಮೇಲಿನಿಂದ ದಪದಪ ಹೆಜ್ಜೆ ಸದ್ದು ಕೇಳಿತು. ಡೆಲ್ಮಾ ಒಂದು ದೊಡ್ಡ ಪಾತ್ರೆಯನ್ನು ಟವೆಲಿನಲ್ಲಿ ಹಿಡಿದುಕೊಂಡು, ಹಿಂದಕ್ಕೆ ಬಾಗಿ, ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿದ್ದಳು. ಪಾತ್ರೆ ಮೂವತ್ತು ಜನರಿಗೆ ಸಾಕಾಗುವಂಥದ್ದು. ಅವಳ ಊರಿನಲ್ಲಿ ಸಣ್ಣ ಪಾತ್ರೆಯಲ್ಲಿ ಕೊಡುವುದು ಅವಮಾನ. ಹಿಂದಿನ ಸಂಜೆಯೇ ಅಕ್ಕಿ ನೆನೆಹಾಕಿ, ಬೆಳಿಗ್ಗೆ ಚಿಕ್ಕಮ್ಮನ ಗಂಜಿ ತಿಂದು ರುಚಿ ಹಿಡಿದು, ಅದೇ ನಾಲಿಗೆಯ ಮೇಲೆ ಈ ಗಂಜಿ ಬೇಯಿಸಿದ್ದಳು. ಒಂದು ಸಿಹಿಗೆಣಸನ್ನೂ ಹೆಚ್ಚಿ ಹಾಕಿದ್ದಳು. ಗೆಣಸಿಲ್ಲದ ಅಡುಗೆಯನ್ನು ಯಾರಿಗಾದರೂ ಕೊಡುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ.

"ಚಿಕ್ಕಮ್ಮ, ನಿಮ್ಮ ಒಂಬತ್ತಿಗೆ."

ಷ್ಯುಚಿನ್‌ಳ ಎದೆ ಒಮ್ಮೆಲೇ ತುಂಬಿ ಬಂತು. ಅಲ್ಲಿಯೇ ನೆಲ ಒರೆಸುತ್ತಿದ್ದ ಜುವೊ ಕೋಲು ನಿಲ್ಲಿಸಿ ನೋಡುತ್ತಿದ್ದಳು. ಕಣ್ಣಿನಲ್ಲಿ ನೀರು ಬಂದೀತು ಎಂದು ಹೆದರಿ ಷ್ಯುಚಿನ್ ಜೋರಾಗಿಯೇ ಹೇಳಿದಳು:

"ಅಯ್ಯೋ, ಇದೆಲ್ಲ ಯಾಕೆ ಮಾಡೋಕೆ ಹೋದೆ! ಬೇಡ ಬೇಡ. ನಮ್ಮನೆಯಿಂದ ಬರುತ್ತೆ. ತಗೊಂಡು ಹೋಗು, ನೀವೇ ತಿನ್ಕೊಳ್ಳಿ."

ಹೀಗೆ ಹೇಳಿ, ಎರಡನೆಯ ಸಲ ಒತ್ತಾಯ ಮಾಡಲಿ ಎಂದು ಕಾಯುತ್ತ, ಆಗಲೇ ಮೇಜಿನ ಮೇಲಿನ ಪುಸ್ತಕ ಪಕ್ಕಕ್ಕೆ ಸರಿಸಿ ಪಾತ್ರೆಗೆ ಜಾಗ ಮಾಡಿದಳು.

ಡೆಲ್ಮಾಳ ಮುಖ ಇಳಿಯಿತು. "ಆಯ್ತು ಚಿಕ್ಕಮ್ಮ" ಎಂದಳು. ಪಾತ್ರೆಯ ಸಮೇತ ತಿರುಗಿ ಮೆಟ್ಟಿಲು ಹತ್ತತೊಡಗಿದಳು.

ಒಂದನೆಯ ಮಹಡಿ. ಎರಡನೆಯದು. ಹೆಜ್ಜೆಯ ಸದ್ದು ನಿಲ್ಲುತ್ತದೆ, ವಾಪಸು ಬರುತ್ತದೆ ಎಂದು ಷ್ಯುಚಿನ್ ಕಿವಿಕೊಟ್ಟು ಕೂತಿದ್ದಳು. ಐದನೆಯ ಮಹಡಿಯ ಬಾಗಿಲು ಮುಚ್ಚಿಕೊಂಡಿತು.

"ಏನಕ್ಕಾ ಇದು?" ಜುವೊ ಕೋಲಿನ ಮೇಲೆ ಗಲ್ಲ ಊರಿದಳು. "ಬಾಗಿಲ ತನಕ ಬಂದ ಒಂಬತ್ತರ ಗಂಜಿನ ವಾಪಸ್ ಕಳಿಸ್ತಾರಾ? ಬರದೇ ಇದ್ರೆ ಒಂದು ಥರ. ಬಂದದ್ದನ್ನ ಓಡಿಸೋದು..." ಮುಂದಿನದನ್ನು ಹೇಳದೆ ತುಟಿ ಚಪ್ಪರಿಸಿದಳು.

"ನಾನು ಒಂದೇ ಸಲ ತಾನೇ ಬೇಡ ಅಂದಿದ್ದು?"

"ಅವಳಿಗೇನು ಗೊತ್ತು ನಮ್ಮ ಲೆಕ್ಕ?"

ಷ್ಯುಚಿನ್ ಶಿಯಾಮೆನ್‌ಗೆ ಫೋನು ಮಾಡಿದಳು. ಎಂದೂ ತಾನಾಗಿ ಫೋನು ಮಾಡುವವಳಲ್ಲ. ಆ ಕಡೆ ಮಗು ಕಿರುಚುತ್ತಿತ್ತು. ಎಲ್ಲ ಕೇಳಿ ರುವಾನ್ ನಗುವುದನ್ನು ತಡೆಯುತ್ತಿದ್ದಳು.

"ಮಾರಾಯ್ತಿ, ನಮ್ಮಲ್ಲಿ ಬೇಡ ಅಂದ್ರೆ ಇನ್ನೊಂದು ಸಲ ಕೇಳು ಅಂತ. ಅವಳೂರಲ್ಲಿ ಬೇಡ ಅಂದ್ರೆ ಬೇಡ. ಹೋಗಿ ಕೇಳು."

"ಏನಂತ?"

"ಗಂಜಿ ಕೊಡು ಅಂತ."

"ನಾನಾ? ಅಷ್ಟು ದೊಡ್ಡ ಬಾಯಲ್ಲಿ ಬೇಡ ಅಂದು, ಈಗ ಹೋಗಿ ಕೈಯೊಡ್ಡೋದಾ? ಆ ಜುವೊ ಮುಂದೆ?"

"ಷ್ಯುಚಿನ್, ಒಂಬತ್ತು ಏಳ್ಲಿ ಎಷ್ಟು?"

ಷ್ಯುಚಿನ್ ಮಂಡಿ ಸವರಿಕೊಂಡಳು.

"ಬಾಯಿ ಬಿಟ್ಟು ಕೇಳು. ಒಂದೇ ಒಂದು ಸಲ. ಮಗು ಅಳ್ತಿದೆ, ಇಡ್ತೀನಿ."

ಷ್ಯುಚಿನ್ ಐದು ನಿಮಿಷ ಕೂತಳು. ಆಮೇಲೆ ಎದ್ದು, ಕೂದಲು ಸರಿಮಾಡಿಕೊಂಡು, ಜುವೊಗೆ ಬಾಗಿಲು ನೋಡಿಕೊಳ್ಳಲು ಹೇಳಿದಳು. "ಮೇಲೆ ಬೆಂಕಿ ಆರಿಸೋ ಸಿಲಿಂಡರ್ ನೋಡ್ಬೇಕು, ತಾರೀಖು ಮುಗಿದಿದ್ಯೇನೋ."

"ನೋಡಿ ನೋಡಿ," ಎಂದಳು ಜುವೊ. "ಐದನೇ ಮಹಡೀದೇ ಮುಗಿದಿರತ್ತೆ."

ಮಂಡಿ ಒಡೆದ ಮೇಲೆ ಅವಳು ಎರಡನೆಯ ಮಹಡಿ ದಾಟಿದ್ದೇ ಅಪರೂಪ. ಒಂದೊಂದು ತಿರುವಿನಲ್ಲೂ ಗೋಡೆಗೆ ಒರಗಿ ನಿಂತು, ಯಾರಾದರೂ ಎದುರಿಗೆ ಬಂದರೆ ಸಿಲಿಂಡರಿನ ಚೀಟಿಯನ್ನು ಓದುವವಳ ಹಾಗೆ ಕಣ್ಣು ಕಿರಿದು ಮಾಡುತ್ತಿದ್ದಳು. ಮೂರನೆಯ ಮಹಡಿಯಲ್ಲಿ ವಾಪಸು ಹೋಗಿಬಿಡೋಣ ಎನ್ನಿಸಿತು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಎಂದು ಹತ್ತಿದಳಂತೆ. ಇದು ಅವಳೇ ಹೇಳುತ್ತಿದ್ದ ಮಾತು, ನಂಬುವುದು ಬಿಡುವುದು ಕೇಳಿದವರಿಗೆ ಸೇರಿದ್ದು.

ಐದನೆಯ ಮಹಡಿಯ ಅಡುಗೆಮನೆಯಲ್ಲಿ ಡೆಲ್ಮಾ ಪಾತ್ರೆಯ ಮುಂದೆ ಕೂತಿದ್ದಳು. ಮುಚ್ಚಳ ತೆಗೆದಿರಲಿಲ್ಲ. ರಜೆ ಮುಗಿಸಿ ವಾಪಸು ಬಂದಿದ್ದ ಲಾವೋಸಿನ ಒಬ್ಬಳು, ರುವಾಂಡಾದ ಒಬ್ಬಳು ಚಮಚ ಹಿಡಿದು ಸುತ್ತುತ್ತಿದ್ದರು. ಷ್ಯುಚಿನ್ ಒಳಗೆ ಬಂದು ಗೋಡೆಯ ಸಿಲಿಂಡರನ್ನು ನಿಜವಾಗಿಯೂ ನೋಡಿದಳು. "ತಾರೀಖು ಇದೆ," ಎಂದಳು.

"ಡೆಲ್ಮಾ."

"ಹೇಳಿ ಚಿಕ್ಕಮ್ಮ."

"ನಂಗೆ ಆ ಗಂಜಿ ಬೇಕು."

ಡೆಲ್ಮಾ ತಲೆಯೆತ್ತಿದಳು. "ಬೇಡ ಅಂದ್ರಲ್ಲ?"

"ಅಂದೆ. ಬೇಕಿತ್ತು."

"ಬೇಕಿದ್ರೆ ಬೇಡ ಅಂತ ಯಾಕಂದ್ರಿ? ನಮ್ಮೂರಲ್ಲಿ ಕೊಟ್ಟ ಊಟ ಬೇಡ ಅಂದ್ರೆ ಜಗಳ ಅಂತ ಅರ್ಥ. ನಾನು ಇಲ್ಲಿ ಕೂತು ಯೋಚಿಸ್ತಾ ಇದ್ದೆ, ಏನು ತಪ್ಪು ಮಾಡಿದೆ ಅಂತ. ಗೆಣಸು ಹಾಕ್ಬಾರ್ದಿತ್ತಾ? ನಂಗೆ ಮದುವೆ ಆಗಿಲ್ಲ, ಅದಕ್ಕಾ?"

"ನೀನು ಮತ್ತೆ ಕೊಡ್ತೀಯ ಅಂದ್ಕೊಂಡೆ."

"ಮತ್ತೆ ಅಂದ್ರೆ? ಎಷ್ಟು ಸಲ ಕೊಡ್ಬೇಕು?"

"ಮೂರು."

ಡೆಲ್ಮಾ ಲಾವೋಸಿನವಳ ಮುಖ ನೋಡಿದಳು, ರುವಾಂಡಾದವಳ ಮುಖ ನೋಡಿದಳು. ಆಮೇಲೆ ಅವಳಿಗೆ ನಗು ಒತ್ತರಿಸಿಕೊಂಡು ಬಂತು. ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. "ಚಿಕ್ಕಮ್ಮ, ಈ ಪಾತ್ರೆ ಹದಿನೈದು ಕಿಲೋ ಇದೆ! ಮೂರು ಸಲ ಹತ್ತಿ ಇಳಿದ್ರೆ ನಾನು ಇಪ್ಪತ್ತೇಳಕ್ಕೇ ಸಾಯ್ತೀನಿ!"

"ಹಬ್ಬದ ದಿನ ಅಂಥ ಮಾತಾಡ್ತಾರೇನೇ?" ಎಂದು ಷ್ಯುಚಿನ್ ಬೈದಳು. ಬೈದ ಮೇಲೆ ಅವಳಿಗೂ ಜೀವ ಬಂದ ಹಾಗಾಯಿತು.

ಲಾವೋಸಿನವಳು ಬಟ್ಟಲು ತಂದಳು. ಷ್ಯುಚಿನ್ ಕೈ ಅಡ್ಡ ಮಾಡಿದಳು. ಇಷ್ಟು ಕೇಳಿದ ಮೇಲೆ ಉಳಿದದ್ದನ್ನು ಕೇಳುವುದು ಅವಳಿಗೆ ಕಷ್ಟವಾಗಲಿಲ್ಲ. "ಇಲ್ಲಿ ತಿಂದ್ರೆ ಆಗಲ್ಲ. ಕೆಳಗೆ, ನನ್ನ ಬಾಗಿಲು ದಾಟಿ ಬರ್ಬೇಕು. ಇನ್ನೊಂದು ಸಲ ಹೊರ್ತೀಯಾ?"

ಡೆಲ್ಮಾ ಪಾತ್ರೆ ಎತ್ತಿದಳು. ಉಳಿದ ಇಬ್ಬರು ಷ್ಯುಚಿನ್‌ಳ ಎರಡೂ ತೋಳು ಹಿಡಿದು ಇಳಿಸಿಕೊಂಡು ಬಂದರು. ತನಗೇನು ಕೈ ಮುರಿದಿದೆಯೇ ಎಂದು ಅವಳು ಯಾರನ್ನೂ ಕೇಳಲಿಲ್ಲ. ಪಕ್ಕದ ಬಾಗಿಲಿನಿಂದ ಹೊರಗೆ ಹೋದ ಡೆಲ್ಮಾ ಒಂದು ಸುತ್ತು ಹಾಕಿ, ದೊಡ್ಡ ಬಾಗಿಲಿನಿಂದ ಒಳಗೆ ಬಂದು, ಜುವೊಳ ಎದುರಿಗೇ ನಿಂತಳು.

"ಚಿಕ್ಕಮ್ಮ, ಗಂಜಿ ತಗೊಳ್ಳಿ. ಇದು ಎರಡನೇದು."

"ಬೇಡ," ಎಂದಳು ಷ್ಯುಚಿನ್ ಅಭ್ಯಾಸ ಬಲದಿಂದ. ಎಂದವಳೇ ನಾಲಿಗೆ ಕಚ್ಚಿಕೊಂಡು, ಮೂರನೆಯದಕ್ಕೆ ಕಾಯದೆ, ಎರಡೂ ಕೈ ಚಾಚಿ ಪಾತ್ರೆಯ ಹಿಡಿಕೆ ಹಿಡಿದುಬಿಟ್ಟಳು. ಬಿಸಿ ತಾಗಿದರೂ ಬಿಡಲಿಲ್ಲ.

ಮೇಜಿನ ಮೇಲೆ ಪಾತ್ರೆ ಇಟ್ಟ ಮೇಲೆ ಜುವೊ ಕಡೆ ತಿರುಗಿ ಹೇಳಿದಳು: "ಜುವೊ, ನಂಗೆ ಅಣ್ಣನ ಮಗಳಿಲ್ಲ. ಅಣ್ಣನೂ ಇಲ್ಲ. ಇಷ್ಟು ವರ್ಷ ನಾನೇ ಬೇಯಿಸ್ತಿದ್ದೆ, ರುವಾನ್ ತರ್ತಿದ್ಲು."

"ಗೊತ್ತು ಬಿಡಿ ಅಕ್ಕಾ."

"ಯಾವಾಗಿಂದ?"

"ಮೊದಲ ವರ್ಷದಿಂದ. ಪುತಿಯನ್‌ನಿಂದ ಬರೋ ಪಾತ್ರೆಗೆ ನೀವು ಬೀಗದ ಕೈ ಕಟ್ಟೋ ನೀಲಿ ತಂತಿ ಯಾಕೆ ಸುತ್ತಿರತ್ತೆ?" ಜುವೊ ಕೋಲು ಗೋಡೆಗೆ ಒರಗಿಸಿ, ತನ್ನ ಪಾತ್ರೆಯಿಂದ ಒಂದು ಹಂದಿ ಕಾಲು ತೆಗೆದು ತಂದು ಡೆಲ್ಮಾಳ ಗಂಜಿಯ ಮೇಲೆ ಇಟ್ಟಳು. "ಎರಡು ತಂದಿದಾಳೆ ನನ್ನ ಮಗಳು. ನನಗೆ ಒಂದೇ ಹೊಟ್ಟೆ. ಈಗಲಾದ್ರೂ ಬೇಡ ಅನ್ಬೇಡಿ."

ಷ್ಯುಚಿನ್ ಬೇಡವೆನ್ನಲಿಲ್ಲ. ಮೂರು ಬಟ್ಟಲು ತಿಂದಳು. ಗೆಣಸು ಒಂದು ಕಡೆ ಬೆಂದಿರಲಿಲ್ಲ, ಬೆಲ್ಲ ಹೆಚ್ಚಾಗಿತ್ತು, ಅಷ್ಟು ರುಚಿಯಾದ ಗಂಜಿಯನ್ನು ತಾನು ತಿಂದೇ ಇರಲಿಲ್ಲ ಎಂದು ರುವಾನ್‌ಗೆ ಸಂಜೆ ಫೋನಿನಲ್ಲಿ ಹೇಳಿದಳು. ಒಂದೇ ದಿನ ಎರಡು ಸಲ ಫೋನು. ಆ ವರ್ಷ ಅವಳಿಗೆ ಒಂದು ನೆಗಡಿಯೂ ಬರಲಿಲ್ಲ. ಅದು ಗಂಜಿಯಿಂದಲೋ, ಮೆಟ್ಟಿಲು ಇಳಿಯುವಾಗ ಹುಡುಗಿಯರ ತೋಳು ಹಿಡಿಯಲು ಕಲಿತದ್ದರಿಂದಲೋ, ರುವಾನ್ ಓದಿದ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಡೆಲ್ಮಾ ಮರುವರ್ಷವೂ ಗಂಜಿ ತಂದಳು, ಆಮೇಲೆ ಓದು ಮುಗಿಸಿ ಊರಿಗೆ ಹೋದಳು. ಈಗ ಗೊರೊಕಾದಲ್ಲಿ ಹೆಂಗಸರಿಗೆ ಅಣಬೆ ಬೆಳೆಸುವುದನ್ನು ಕಲಿಸುತ್ತಾಳೆ. ಅವಳಿಗೆ ಮದುವೆಯೂ ಆಗಿದೆ, ತಾಯಿಯ ಗೋಳು ನಿಂತಿದೆ. ಪ್ರತಿ ವರ್ಷ ಆ ದಿನ ಅಲ್ಲಿಂದ ಒಂದು ಸಂದೇಶ ಬರುತ್ತಿತ್ತು. ಕಪ್ಪು ಗಂಜಿಯ ಒಂದು ಫೋಟೊ, ಜೊತೆಗೆ ದೊಡ್ಡ ದನಿಯಲ್ಲಿ: "ಚಿಕ್ಕಮ್ಮ, ತಗೊಳ್ಳಿ! ತಗೊಳ್ಳಿ! ತಗೊಳ್ಳಿ! ಮೂರಾಯ್ತು!" ಐದನೆಯ ಮಹಡಿಯಲ್ಲಿ ಮುಂದೆ ಬಂದ ಹುಡುಗಿಯರಲ್ಲಿ ಯಾರೋ ಒಬ್ಬರು ಗಂಜಿ ತರುತ್ತಲೇ ಇದ್ದರು. ಷ್ಯುಚಿನ್ ಕೆಲಸ ಬಿಟ್ಟು ರುವಾನ್ ಮನೆಯ ಹಿಂದಿನ ಓಣಿಗೆ ಬಂದ ಮೇಲೂ ಒಬ್ಬಳು ಹುಡುಕಿಕೊಂಡು ಬಂದಿದ್ದಳು.

ಇಪ್ಪತ್ತು ವರ್ಷ ಅವಳು ಕೊಟ್ಟದ್ದನ್ನು ನೆನೆದು ಈಗ ಎಲ್ಲೆಲ್ಲಿಂದಲೋ ಪತ್ರ, ಸಂದೇಶ ಬರುತ್ತಿವೆ. ಶುಂಠಿ ನೀರು, ಮಡಚಿಟ್ಟ ಬಟ್ಟೆ. ಅವೆಲ್ಲ ಸರಿ. ರುವಾನ್‌ಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಏಳು ವರ್ಷ. "ಪೇಯಿ, ನನ್ನ ಕಾಲಿಗೆ ಸ್ವಲ್ಪ ಎಣ್ಣೆ ಹಚ್ಚು." "ಪೇಯಿ, ಒಬ್ಳಿಗೇ ಬೇಜಾರು, ಬಾ." ಹೀಗೆಲ್ಲ ಕೇಳುವುದನ್ನು ಅವಳು ಕಲಿತಳು. ಕೇಳಿಸಿಕೊಂಡವಳಿಗೆ ಅದು ಎಷ್ಟು ದೊಡ್ಡ ಉಡುಗೊರೆ ಎಂದು ಅವಳಿಗೆ ಹೇಳುವುದು ಉಳಿದುಹೋಯಿತು. ಅದನ್ನು ಇಲ್ಲಿ ಬರೆದಿಟ್ಟಿದೆ. ಕಲಿಸಿದ ಹುಡುಗಿಗೆ ಋಣಿ.

ಸುದ್ದಿ ತಿಳಿಸಿದಾಗ ಡೆಲ್ಮಾ ಬಹಳ ಹೊತ್ತು ಅತ್ತು ಕೊನೆಗೆ ಕೇಳಿದ್ದು, "ಒಬ್ಬರೇ ಇದ್ರಾ?" ಎಂದು.

ಒಬ್ಬಳೇ ಇರಲಿಲ್ಲ. ರುವಾನ್ ಕೆಳಗೆ ಔಷಧಿ ತರಲು ಹೋಗಿದ್ದಳು. ಪಕ್ಕದ ಹಾಸಿಗೆಯ ಮುದುಕಿಗೆ ಮೊಮ್ಮಗಳೊಬ್ಬಳು ತಲೆ ಬಾಚುತ್ತಿದ್ದಳು. ಕಾಲೇಜು ಹುಡುಗಿ, ಆ ಬೆಳಿಗ್ಗೆ ಮೊದಲ ಸಲ ಬಂದವಳು. ಷ್ಯುಚಿನ್ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಮಲಗಿದ್ದು, "ಮಗಾ, ನಂದೂ ಬಾಚ್ತೀಯಾ?" ಎಂದು ಕೇಳಿದಳಂತೆ. ಹುಡುಗಿ ಎದ್ದು ಬಂದು ಮಂಚದ ಅಂಚಿನಲ್ಲಿ ಕೂತು, ಸಿಕ್ಕು ಬಿಡಿಸಿ, ಒಂದು ಕಡೆಯ ಕೂದಲನ್ನೆಲ್ಲ ಬಾಚಿದಳು. ಆ ಕಡೆ ಮುಗಿದಾಗ ಷ್ಯುಚಿನ್ ದಿಂಬಿನ ಮೇಲೆ ತಲೆಯನ್ನು ನಿಧಾನವಾಗಿ ಹೊರಳಿಸಿ, ಇನ್ನೊಂದು ಕಡೆಯನ್ನು ಅವಳಿಗೆ ಕೊಟ್ಟಳು.